ಸೋಲದೇವನಹಳ್ಳಿಯಿಂದ ಪಟಿಯಾಲಾ ಹೌಸ್‌ಗೆ

ಬೆಂಗಳೂರಿನಿಂದ ಹೊರಟು ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆ ಬಿಟ್ಟು ಬಲಕ್ಕೆ ತಿರುಗಿ. ಇದು ಹೆಸರಘಟ್ಟ ರಸ್ತೆ. ಬಾಗಲಗುಂಟೆ ದಾಟುವಷ್ಟರಲ್ಲಿ ಬಸ್ಸು ತುಂಬಿರುತ್ತದೆ. ಚಿಕ್ಕಬಾಣಾವರ ಬಂತೆಂದು ಕಂಡಕ್ಟರ್ ಕೂಗುವ ಮೊದಲೇ ಕೆರೆಯ ಕೊಳಚೆ ವಾಸನೆ ಮೂಗಿಗೆ ತಿಳಿಸುತ್ತದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಸೋಲದೇವನಹಳ್ಳಿ. ಬೆನ್ನಿಗೆ ಬ್ಯಾಗು ಹಾಕಿಕೊಂಡ ಕಾಲೇಜು ಹುಡುಗ ಹುಡುಗಿಯರು, ಪಿ.ಜಿ.ಗಳ ಬೋರ್ಡು, ಬೇಕರಿ, ಝೆರಾಕ್ಸ್ ಅಂಗಡಿ, ಅವುಗಳ ನಡುವೆ ನೀರು ಚೆಲ್ಲುತ್ತಾ ಸಾಗುವ ಟ್ಯಾಂಕರ್.

ಇವತ್ತು 2021ರ ಫೆಬ್ರುವರಿ 13, ಶನಿವಾರ. ಕೊರೊನಾದ ಮೊದಲ ಅಲೆ ಇಳಿದಿದೆ, ಮಾಸ್ಕು ಗದ್ದಕ್ಕೆ ಜಾರಿದೆ. ರಸ್ತೆಯಲ್ಲಿ ಎಂದಿನ ಗಲಾಟೆಯೇ. ಆದರೆ ಇದೇ ಊರಿನ ಒಂದು ಮನೆಗೆ ದೆಹಲಿ ಪೊಲೀಸರು ಬಂದಿದ್ದಾರೆ. ಅವರು ಹುಡುಕಿಕೊಂಡು ಬಂದಿರುವುದು 22ರ ಹರೆಯದ ದಿಶಾ ರವಿಯನ್ನು. ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಬಿ.ಬಿ.ಎ. ಓದಿದ ಹುಡುಗಿ, ಹವಾಮಾನಕ್ಕಾಗಿ ಶುಕ್ರವಾರಗಳಂದು ಬೀದಿಗಿಳಿಯುವ ಯುವಜನರ ‘ಫ್ರೈಡೇಸ್ ಫಾರ್ ಫ್ಯೂಚರ್’ ಚಳವಳಿಯನ್ನು ಭಾರತದಲ್ಲಿ ಕಟ್ಟಿದವರಲ್ಲಿ ಒಬ್ಬಳು. ಆಕೆಯ ಮೇಲಿನ ಆರೋಪ ರಾಜದ್ರೋಹ. ಕೇಂದ್ರದ ಮೂರು ಕೃಷಿ ಕಾಯ್ದೆಗಳನ್ನು ವಿರೋಧಿಸಿ ದೆಹಲಿಯ ಗಡಿಯಲ್ಲಿ ಕುಳಿತ ರೈತರನ್ನು ಬೆಂಬಲಿಸುವುದು ಹೇಗೆ ಎಂದು ತಿಳಿಸುವ ಒಂದು ‘ಟೂಲ್‌ಕಿಟ್’ ಕಡತವನ್ನು ತಿದ್ದಿದಳು, ಅದನ್ನು ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್‌ಗೆ ತಲುಪಿಸಿದಳು ಎಂಬುದು ಪೊಲೀಸರ ಮಾತು. ಆಕೆಯನ್ನು ದೆಹಲಿಗೆ ಕರೆದೊಯ್ಯುವ ಮುನ್ನ ಬೆಂಗಳೂರಿನ ಯಾವ ನ್ಯಾಯಾಧೀಶರ ಮುಂದೆಯೂ ನಿಲ್ಲಿಸುವುದಿಲ್ಲ.

ಈ ನೆಲದ ಮೇಲೆ ನಿಂತು ಸುತ್ತ ನೋಡಿ. ಹವಾಮಾನದ ಮಾತು ಇಲ್ಲಿಗೆ ಪರದೇಶದಿಂದ ಬರಬೇಕಿಲ್ಲ. 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಏರಿ ಕಟ್ಟಿದರು. ಅಲ್ಲಿಂದ ಇಟ್ಟಿಗೆಯ ಕಾಲುವೆಯಲ್ಲಿ ನೀರು ಇಳಿಜಾರಿನ ಮೇಲೆ ಸೋಲದೇವನಹಳ್ಳಿಗೆ ಹರಿದು ಬರುತ್ತಿತ್ತು. ಇಲ್ಲಿನ ಉಗಿಯಂತ್ರಗಳು ಅದನ್ನು ಮೇಲೆತ್ತಿ ಬೆಂಗಳೂರಿಗೆ ಕಳಿಸುತ್ತಿದ್ದವು. ನಗರ ಕೊಳಾಯಿ ನೀರು ಕುಡಿದದ್ದು ಈ ಊರಿನ ದಾರಿಯಿಂದ. ಮುಂದೆ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿದಾಗ ನಗರ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಗೆ ಹೋಯಿತು, ಆಮೇಲೆ ಕಾವೇರಿಗೆ. ಬೆಂಗಳೂರಿಗೆ ನೀರು ಕಳಿಸಿದ ಊರು ಈಗ ಟ್ಯಾಂಕರ್‌ಗೆ ಕಾಯುತ್ತದೆ. ರೈತರಾದ ತನ್ನ ಅಜ್ಜ ಅಜ್ಜಿಯರು ನೀರಿಗಾಗಿ ಪಟ್ಟ ಪಾಡೇ ತನ್ನನ್ನು ಈ ಹಾದಿಗೆ ತಂದಿತು ಎಂದು ದಿಶಾ ಹೇಳಿಕೊಂಡಿದ್ದಾಳೆ. ಇಲ್ಲಿ ನಿಂತವರಿಗೆ ಆ ಮಾತು ವಿವರಿಸಬೇಕಿಲ್ಲ.

ಈಗ ಕೆಲವು ತಿಂಗಳು ಹಿಂದಕ್ಕೆ ಬನ್ನಿ. 2020ರ ಮಾರ್ಚ್. ಲಾಕ್‌ಡೌನ್ ಶುರುವಾಗುವ ಹೊತ್ತಿಗೆ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಧ್ಯಯನದ ಹೊಸ ನಿಯಮಗಳ ಕರಡನ್ನು ಹೊರಡಿಸಿದೆ. ಅನುಮತಿಯಿಲ್ಲದೆ ಕೆಲಸ ಶುರುಮಾಡಿದ ಯೋಜನೆಗೆ ಆಮೇಲೆ ಒಪ್ಪಿಗೆ ಕೊಡಲು ಅದರಲ್ಲಿ ದಾರಿಯಿದೆ. ಸಾರ್ವಜನಿಕರು ಉತ್ತರ ಕೊಡಲು ಇದ್ದ 30 ದಿನ 20ಕ್ಕೆ ಇಳಿದಿದೆ. ಕರಡು ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಗಣಿ ಬರುವುದು ಬಳ್ಳಾರಿಯ ಹಳ್ಳಿಗೆ, ಅಣೆಕಟ್ಟು ಬರುವುದು ಪಶ್ಚಿಮ ಘಟ್ಟದ ಕಣಿವೆಗೆ. ಅಲ್ಲಿನ ಜನ ತಮಗೆ ಬರದ ಭಾಷೆಯಲ್ಲಿ ಓದಿ ತಕರಾರು ಹೇಳಬೇಕು. ಆಗಸ್ಟ್ 5ರಂದು ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಕೇಂದ್ರವನ್ನು ತಡೆಯಿತು.

ಆಗ ಸಂಸತ್ತಿನಲ್ಲಿ ವಿಜ್ಞಾನ, ತಂತ್ರಜ್ಞಾನ ಮತ್ತು ಪರಿಸರದ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದವರು ಜೈರಾಮ್ ರಮೇಶ್. ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ಅವರು ಜುಲೈನಲ್ಲಿ ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ಅವರಿಗೆ ಪತ್ರ ಬರೆದು ತಕರಾರುಗಳನ್ನು ಒಂದೊಂದಾಗಿ ಮುಂದಿಟ್ಟರು. ಅದೇ ಸಚಿವರಿಗೆ ಫ್ರೈಡೇಸ್ ಫಾರ್ ಫ್ಯೂಚರ್‌ನ, ದಿಶಾಳ ವಯಸ್ಸಿನ ಮಕ್ಕಳು ಇ-ಮೇಲ್ ಕಳಿಸುವ ಅಭಿಯಾನ ನಡೆಸಿದ್ದರು. ಸಂಸದರ ಪತ್ರಕ್ಕೆ ಉತ್ತರ ಬಂತು. ಮಕ್ಕಳ ಜಾಲತಾಣ ತಡೆಯಾಯಿತು, ದೆಹಲಿ ಪೊಲೀಸರಿಂದ ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆಯ ಹೆಸರೆತ್ತಿದ ನೋಟಿಸ್ ಬಂತು. ಪ್ರಮಾದದಿಂದ ಕಳಿಸಿದ್ದು ಎಂದು ಆ ನೋಟಿಸನ್ನು ಪೊಲೀಸರು ಆಮೇಲೆ ಹಿಂತೆಗೆದುಕೊಂಡರು. ಒಂದೇ ಕರಡನ್ನು ಪ್ರಶ್ನಿಸಿದವರಲ್ಲಿ ಕುರ್ಚಿ ಇದ್ದವರಿಗೆ ಒಂದು ನಡೆ, ಇಲ್ಲದವರಿಗೆ ಇನ್ನೊಂದು.

ಮತ್ತೆ ಫೆಬ್ರುವರಿಗೆ ಬನ್ನಿ. 14, ಭಾನುವಾರ, ದೆಹಲಿಯ ಪಟಿಯಾಲಾ ಹೌಸ್ ನ್ಯಾಯಾಲಯ. ದಿಶಾ ನ್ಯಾಯಾಧೀಶರ ಮುಂದೆ ನಿಂತಿದ್ದಾಳೆ. ತಾನು ತಿದ್ದಿದ್ದು ಎರಡು ಸಾಲು ಮಾತ್ರ, ರೈತರು ಅನ್ನ ಕೊಡುವವರು, ಅದಕ್ಕೇ ಬೆಂಬಲಿಸಿದೆ ಎನ್ನುತ್ತಾಳೆ. ಹೇಳುತ್ತಾ ಅಳುತ್ತಾಳೆ. 5 ದಿನ ಪೊಲೀಸ್ ವಶ.

ಹೊರಗೆ ಸಿಂಘು, ಟಿಕ್ರಿ, ಗಾಜಿಪುರದ ಗಡಿಗಳಲ್ಲಿ 2020ರ ನವೆಂಬರಿನಿಂದ ರೈತರು ಕುಳಿತಿದ್ದಾರೆ. ಅವರಲ್ಲಿ ದೊಡ್ಡ ಪಾಲು ಪಂಜಾಬಿನ ಸಿಖ್ಖರು. ಅದರಿಂದಾಗಿ ಚಳವಳಿಗೆ ‘ಖಲಿಸ್ತಾನಿ’, ಅಂದರೆ ಸಿಖ್ ಪ್ರತ್ಯೇಕತಾವಾದಿ, ಎಂಬ ಹಣೆಪಟ್ಟಿ ಬಿದ್ದಿದೆ. ದಿಶಾಳ ಮೇಲಿನ ಆರೋಪದ ಒಡಲಲ್ಲೂ ಇರುವುದು ಅದೇ ಸಂಶಯ. ಒಂದು ಸಮುದಾಯದ ಪೇಟವನ್ನೇ ಸಾಕ್ಷಿ ಮಾಡಿದ ಮೇಲೆ, ಅವರ ಪರ ಮಾತಾಡಿದ ಕನ್ನಡನಾಡಿನ ಹುಡುಗಿಯೂ ಸಂಚುಗಾರ್ತಿಯಾಗುತ್ತಾಳೆ. ಹವಾಮಾನದ ಪ್ರಶ್ನೆ ಮತ್ತು ಅಲ್ಪಸಂಖ್ಯಾತರ ಹಕ್ಕು ಬೇರೆಬೇರೆ ಕಡತಗಳೆಂದು ತಿಳಿದವರು ಈ ಪ್ರಕರಣವನ್ನು ನೋಡಬೇಕು. ಎರಡೂ ಒಂದೇ ಎಫ್‌ಐಆರ್‌ನಲ್ಲಿ ಬಂದು ಕೂತಿವೆ.

ಆ ವಾರ ವಿರೋಧ ಪಕ್ಷಗಳವರು ದನಿ ಎತ್ತಿದರು. ಕಾಂಗ್ರೆಸ್ಸಿನ ಜೈರಾಮ್ ರಮೇಶ್ ಬಂಧನವನ್ನು ಅನ್ಯಾಯದ ಕಿರುಕುಳ, ಬೆದರಿಕೆ ಎಂದು ಖಂಡಿಸಿ ದಿಶಾಳ ಜೊತೆ ನಿಲ್ಲುವುದಾಗಿ ಹೇಳಿದರು. ಅದೇ ಪಕ್ಷದ, ಆಗ ರಾಜ್ಯದ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಖಂಡಿಸಿದರು. ದೆಹಲಿಯ ಆಗಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಇದು ಪ್ರಜಾಪ್ರಭುತ್ವದ ಮೇಲಿನ ದಾಳಿ ಎಂದರು. ಫೆಬ್ರುವರಿ 16ರಂದು, ದಿಶಾ ಪೊಲೀಸ್ ವಶದಲ್ಲಿದ್ದಾಗಲೇ, ಮಲ್ಲಿಕಾರ್ಜುನ ಖರ್ಗೆ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾದರು. ಮೇಲ್ಮನೆಯಲ್ಲಿ ಸರ್ಕಾರವನ್ನು ಪ್ರಶ್ನಿಸುವ ಮೊದಲ ಹೊಣೆ ಕನ್ನಡಿಗರೊಬ್ಬರ ಹೆಗಲಿಗೆ ಬಂತು.

23, ಮಂಗಳವಾರ. ಹೆಚ್ಚುವರಿ ಸೆಷನ್ಸ್ ನ್ಯಾಯಾಧೀಶ ಧರ್ಮೇಂದರ್ ರಾಣಾ ಆದೇಶ ಓದುತ್ತಾರೆ. ಸಾಕ್ಷ್ಯ ಬಡವಾಗಿದೆ, ಅರೆಬರೆಯಾಗಿದೆ. ಜನವರಿ 26ರಂದು ದೆಹಲಿಯಲ್ಲಿ ರೈತರ ಮೆರವಣಿಗೆಯ ಹೊತ್ತಿನಲ್ಲಿ ನಡೆದ ಹಿಂಸೆಗೂ ಈಕೆಗೂ ನಂಟು ತೋರಿಸುವ ಆಧಾರ ಕಾಣದು. ವಾಟ್ಸ್ಆ್ಯಪ್ ಗುಂಪು ಕಟ್ಟುವುದು, ನಿರುಪದ್ರವಿ ಕಡತವೊಂದನ್ನು ತಿದ್ದುವುದು ಅಪರಾಧವಲ್ಲ. ಪ್ರಜೆಗಳು ಸರ್ಕಾರದ ಆತ್ಮಸಾಕ್ಷಿ. ನೀತಿಯನ್ನು ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಅವರನ್ನು ಜೈಲಿಗೆ ಹಾಕಲಾಗದು. ಆದೇಶದ ಸಾರ ಇಷ್ಟು. 1 ಲಕ್ಷ ರೂಪಾಯಿಯ ಬಾಂಡ್, ಇಬ್ಬರು ಜಾಮೀನುದಾರರು. ದಿಶಾಗೆ ಬಿಡುಗಡೆ.

ಮುಂದಿನದು ದೇಶಕ್ಕೆ ಗೊತ್ತು. ಅದೇ ವರ್ಷದ ನವೆಂಬರ್ 19ರಂದು ಪ್ರಧಾನಿಯೇ ಟಿ.ವಿ.ಯಲ್ಲಿ ಬಂದು ಮೂರು ಕೃಷಿ ಕಾಯ್ದೆಗಳನ್ನು ಹಿಂತೆಗೆದುಕೊಳ್ಳುವುದಾಗಿ ಸಾರಿದರು. 2022ರ ಮೇ 11ರಂದು ಸುಪ್ರೀಂ ಕೋರ್ಟ್ ರಾಜದ್ರೋಹದ 124ಎ ಕಲಮನ್ನು ತಡೆಹಿಡಿಯಿತು. ಯಾವ ಕಾಯ್ದೆಗಳ ವಿರುದ್ಧ ಮಾತಾಡಿದ್ದಕ್ಕೆ ಸೋಲದೇವನಹಳ್ಳಿಯ ಹುಡುಗಿ ಸೆರೆಮನೆ ಕಂಡಳೋ ಆ ಕಾಯ್ದೆಗಳೇ ಇಂದು ಇಲ್ಲ.

ಆದರೆ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ವಿರೋಧ ಪಕ್ಷಕ್ಕೆ ಬಿಟ್ಟಿ ಸನ್ಮಾನ ಮಾಡಿದಂತಾಗುತ್ತದೆ. ಜೈರಾಮ್ ರಮೇಶರೂ ಹಿಂದೆ ಪರಿಸರ ಸಚಿವರಾಗಿದ್ದವರು. 2010ರ ಫೆಬ್ರುವರಿ 6ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕುಳಿತು, ಕುಲಾಂತರಿ ತಳಿಯಾದ ಬಿ.ಟಿ. ಬದನೆ ಬೇಡವೆಂದ ರೈತರ ಕೂಗನ್ನು ಎದುರೆದುರೇ ಕೇಳಿಸಿಕೊಂಡರು. 9ರಂದು ಅದಕ್ಕೆ ತಡೆ ಹಾಕಿದರು. ಮರುವರ್ಷ ಅದೇ ಸಚಿವರು ಒಡಿಶಾದ ಪೋಸ್ಕೊ ಉಕ್ಕಿನ ಯೋಜನೆಗೆ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟರು, ಊರಿನವರು ಬೇಡವೆನ್ನುತ್ತಿದ್ದರೂ. ಅಧಿಕಾರ ಅದೇ ಮನುಷ್ಯನಿಂದ ಎರಡನ್ನೂ ಮಾಡಿಸುತ್ತದೆ.

ಮತ್ತೆ ಸೋಲದೇವನಹಳ್ಳಿಗೆ ಬನ್ನಿ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಹೆಸರಘಟ್ಟದ ಹುಲ್ಲುಗಾವಲು. 2020ರಲ್ಲಿ ಅಲ್ಲಿ ಫಿಲ್ಮ್ ಸಿಟಿ ಬರುತ್ತದೆ ಎಂದು ಬಿಜೆಪಿ ಸರ್ಕಾರ ಹೇಳಿತು. 2021ರ ಜನವರಿಯಲ್ಲಿ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವವನ್ನು ಸ್ಥಳೀಯ ಶಾಸಕರು ವಿರೋಧಿಸಿದರು, ರಾಜ್ಯ ವನ್ಯಜೀವಿ ಮಂಡಳಿ ಅದನ್ನು ಕೈಬಿಟ್ಟಿತು. 2024ರ ಅಕ್ಟೋಬರ್‌ನಲ್ಲಿ, ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯ ಅಧ್ಯಕ್ಷತೆ ವಹಿಸಿದ್ದ ಮಂಡಳಿ ಅದೇ ಪ್ರಸ್ತಾವವನ್ನು ಒಪ್ಪಿತು. ಇದು ಮೆಚ್ಚಬೇಕಾದ ಕೆಲಸ. ಆದರೆ 2025ರ ಡಿಸೆಂಬರ್‌ನಲ್ಲಿ, ಅದೇ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ, ಯಲಹಂಕ ಬಳಿಯ ಕೋಗಿಲಿನಲ್ಲಿ ಜೆಸಿಬಿಗಳು ಬೆಳಗಿನ ಚಳಿಯಲ್ಲಿ ಬಡವರ ಮನೆಗಳನ್ನು ಕೆಡವಿದವು. ಬೀದಿಗೆ ಬಿದ್ದವರಲ್ಲಿ ಬಹುಪಾಲು ಮುಸ್ಲಿಮರು. ಸರ್ಕಾರಿ ಜಾಗದ ಒತ್ತುವರಿ ಎಂಬುದು ಸರ್ಕಾರದ ಸಮರ್ಥನೆ. ಟೀಕೆ ಎದ್ದ ಮೇಲೆ ಪುನರ್ವಸತಿಯ ಮಾತು ಬಂತು. ಮೊದಲು ಸೂರು, ಆಮೇಲೆ ತೆರವು ಎಂಬ ಕ್ರಮ ಗೊತ್ತಿಲ್ಲದ ಪಕ್ಷವೇನೂ ಅದಲ್ಲ. ವಿರೋಧದಲ್ಲಿದ್ದಾಗ ಅದನ್ನೇ ಕೇಳುತ್ತಿತ್ತು.

ವಿರೋಧ ಪಕ್ಷದ ಮಾತಿಗೆ ಬೆಲೆ ಬರುವುದು ಎರಡು ಸಲ: ಮಾತಾಡಿದ ದಿನ ಒಮ್ಮೆ, ಅಧಿಕಾರಕ್ಕೆ ಬಂದ ದಿನ ಇನ್ನೊಮ್ಮೆ. ಮೊದಲನೆಯದಕ್ಕೆ ಧೈರ್ಯ ಸಾಕು, ಎರಡನೆಯದಕ್ಕೆ ನೆನಪು ಬೇಕು. ಆ ನೆನಪನ್ನು ಪಕ್ಷಗಳು ಇಟ್ಟುಕೊಳ್ಳುವುದಿಲ್ಲ, ನಾವು ಇಡಬೇಕು. ನಿಮ್ಮ ಶಾಸಕರು ಯಾವ ಪಕ್ಷದವರೇ ಆಗಲಿ, ಮುಂದಿನ ಸಲ ಮತ ಕೇಳಲು ಬಾಗಿಲಿಗೆ ಬಂದಾಗ ಎರಡೇ ಪ್ರಶ್ನೆ ಕೇಳಿ: ನಮ್ಮ ಕೆರೆ, ಹುಲ್ಲುಗಾವಲು ಉಳಿಸಲು ಸದನದಲ್ಲಿ ಏನು ಮಾತಾಡಿದಿರಿ? ನಿಮಗೆ ಮತ ಹಾಕದ ಸಮುದಾಯದ ಮನೆಯೊಂದು ಕಷ್ಟದಲ್ಲಿದ್ದಾಗ ಅಲ್ಲಿಗೆ ಹೋಗಿದ್ದಿರಾ? ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ. ಪ್ರಶ್ನೆ ಕೇಳುವುದು ಅಪರಾಧವಲ್ಲ ಎಂದು ನ್ಯಾಯಾಲಯ ಹೇಳಿಯಾಗಿದೆ.