ಕಿವಿ ಹಿಡಿದು ಸುತ್ತಿದ ಟೋಕಿಯೊ

ಅಕಿಹಬಾರಾ ಸ್ಟೇಷನ್ನಿನಲ್ಲಿ ಇಳಿದವರು ‘ಎಲೆಕ್ಟ್ರಿಕ್ ಟೌನ್’ ಅಂತ ಬರೆದಿರುವ ಬಾಗಿಲಿಂದಲೇ ಹೊರಗೆ ಬರಬೇಕು. ಬೇರೆ ಬಾಗಿಲಿಂದ ಬಂದರೂ ನಷ್ಟವೇನಿಲ್ಲ, ಆ ಕಡೆ ಯೊಡೊಬಾಶಿ ಅನ್ನೋ ಮಾಲ್‌ನಷ್ಟು ದೊಡ್ಡ ಅಂಗಡಿ ಇದೆ. ಆದರೆ ಈ ಬಾಗಿಲಲ್ಲಿ ಬಂದರೆ ಸದ್ದು ಒಂದೇ ಸಲಕ್ಕೆ ಮೈಮೇಲೆ ಬೀಳುತ್ತೆ. ಒಂದು ಕಡೆ ಗೇಮ್ ಸೆಂಟರ್, ಇನ್ನೊಂದು ಕಡೆ ಕಾರ್ಟೂನ್ ಹುಡುಗಿಯರ ದೊಡ್ಡ ಪರದೆ, ನಡುವೆ ಕರಪತ್ರ ಹಂಚುತ್ತಾ ಕೂಗುವ ಕೆಫೆ ಹುಡುಗಿಯರು. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಣ್ಣದ ಲೈಟು ಹಾಕಿ, ಕಸ ಗುಡಿಸಿ, ಹಾರ್ನ್ ತೆಗೆದು ಹಾಡು ಹಾಕಿದ್ರೆ ಹೆಚ್ಚುಕಮ್ಮಿ ಇದೇ ಥರ ಇರುತ್ತೆ.

ಆಫೀಸ್ ಕೆಲಸಕ್ಕೆ ಅಂತ ಎರಡು ವಾರ ಟೋಕಿಯೊದಲ್ಲಿದ್ದೆ. ಸಿಕ್ಕಿದ್ದು ಎರಡು ಶನಿವಾರ, ಎರಡು ಭಾನುವಾರ. ಜೊತೆಗೆ ಬಂದವರು ಫೂಜಿ ಬೆಟ್ಟ ನೋಡೋಕೆ ಹೋದರು. ನಾನು ಹೆಡ್‌ಫೋನ್ ನೋಡೋಕೆ ಹೋದೆ. ‘ನೋಡೋಕೆ’ ಅಂದರೆ ಹಾಕಿಕೊಂಡು ಕೇಳೋಕೆ. ಲಕ್ಷಗಟ್ಟಲೆ ಬೆಲೆಯ ಹೆಡ್‌ಫೋನನ್ನು ದುಡ್ಡು ಕೊಡದೆ, ‘ಏನ್ ಸಾರ್ ಬೇಕಿತ್ತು’ ಅಂತ ಯಾರೂ ಕೇಳದೆ, ಗಂಟೆಗಟ್ಟಲೆ ಕಿವಿಗಿಟ್ಟುಕೊಂಡು ಕೂರಬಹುದಾದ ಜಾಗ ಜಗತ್ತಿನಲ್ಲಿ ಇನ್ನೊಂದಿದ್ದರೂ ನಾನಂತೂ ನೋಡಿಲ್ಲ.

ಮೊದಲು ಹೋಗಿದ್ದು ರೈಲು ಹಳಿಯ ಕೆಳಗಿರುವ ರೇಡಿಯೊ ಸೆಂಟರಿಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಸುತ್ತಮುತ್ತ ರೇಡಿಯೊ ಬಿಡಿಭಾಗ ಮಾರುವ ಬೀದಿ ಅಂಗಡಿಗಳು ಹುಟ್ಟಿಕೊಂಡವು. ಆಮೇಲೆ ಅವು ಹಳಿಯ ಕೆಳಗೆ ಸೇರಿಕೊಂಡವು. ಇವತ್ತಿಗೂ ಅಲ್ಲಿ ಇಬ್ಬರು ಎದುರುಬದುರು ಬಂದರೆ ಒಬ್ಬರು ಓರೆಯಾಗಿ ನಿಲ್ಲಬೇಕು, ಅಷ್ಟು ಕಿರಿದಾದ ಓಣಿ. ಒಂದು ಅಂಗಡಿಯಲ್ಲಿ ಬರೀ ಸ್ವಿಚ್. ಇನ್ನೊಂದರಲ್ಲಿ ಬರೀ ಕೆಪಾಸಿಟರ್. ಮತ್ತೊಂದರಲ್ಲಿ ಹಳೇ ವಾಲ್ವ್‌ಗಳನ್ನು ಹತ್ತಿಯಲ್ಲಿ ಸುತ್ತಿ ಮೊಟ್ಟೆಯ ಹಾಗೆ ಜೋಡಿಸಿಟ್ಟುಕೊಂಡು ಒಬ್ಬ ಅಜ್ಜ ಕೂತಿದ್ದರು. ತಲೆ ಮೇಲೆ ರೈಲು ಹೋದಾಗೆಲ್ಲ ಇಡೀ ಜಾಗ ಗುಂಯ್ ಅನ್ನುತ್ತೆ. ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿನ ಲ್ಯಾಬ್ ನೆನಪಾಗಿ ಅರ್ಧ ಗಂಟೆ ಅಲ್ಲೇ ಕಳೆದೆ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ‘ಇ-ಇಯರ್‌ಫೋನ್’ ಅನ್ನೋ ಅಂಗಡಿ. ಹೊರಗೆ ಅಷ್ಟು ಗಲಾಟೆ, ಒಳಗೆ ಲೈಬ್ರರಿ. ಗೋಡೆ ತುಂಬ ಹೆಡ್‌ಫೋನ್, ಇಯರ್‌ಫೋನ್. ಎದುರಿಗೆ ಸಾಲಾಗಿ ನಿಂತ ಜನ, ಪ್ರತಿಯೊಬ್ಬರ ಕಿವಿಯಲ್ಲೂ ಏನೋ ಒಂದು ಹಾಡು, ಕೋಣೆಯಲ್ಲಿ ಮಾತ್ರ ಪಿಟ್ಟೆನ್ನುವ ಸದ್ದಿಲ್ಲ. ಕಾಲೇಜು ಹುಡುಗರು ತಮ್ಮದೇ ಪ್ಲೇಯರ್, ತಮ್ಮದೇ ಕೇಬಲ್ ತಂದಿದ್ದರು. ಕೇಳಿ ಮುಗಿಸಿದ ಮೇಲೆ ಹಾಳೆಯಲ್ಲಿ ಒರೆಸಿ ಇದ್ದ ಜಾಗದಲ್ಲೇ ಇಡುತ್ತಾರೆ. ಈ ಊರು ಯಾಕೆ ಹೆಡ್‌ಫೋನಿನ ಊರಾಯಿತು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕಾಚಾರ ಇದೆ. ಮನೆಗಳು ಚಿಕ್ಕವು, ಗೋಡೆಗಳು ತೆಳು, ರೈಲಲ್ಲಿ ಫೋನಲ್ಲಿ ಮಾತಾಡೋದು ಕೂಡ ಮರ್ಯಾದೆಯಲ್ಲ ಅನ್ನೋ ಜನ. ಇಂಥ ಕಡೆ ಸ್ಪೀಕರ್ ಇಟ್ಟುಕೊಂಡು ಏನು ಮಾಡ್ತೀರಿ? 1979ರಲ್ಲಿ ಸೋನಿಯವರು ವಾಕ್‌ಮನ್ ಮಾಡಿದ್ದೂ ಇದೇ ಊರಲ್ಲಿ ತಾನೆ.

ನನ್ನ ಪರೀಕ್ಷೆಯ ಹಾಡುಗಳು ಎರಡೇ. ಒಂದು ‘ಬಂಗಾರದ ಮನುಷ್ಯ’ ಚಿತ್ರದ್ದು, 1972ರದ್ದು, ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಇನ್ನೊಂದು ಹಂಸಲೇಖ ಅವರ ‘ಪ್ರೇಮಲೋಕ’ದ್ದು, 1987ರದ್ದು. ಮೊದಲನೆಯದು ನನ್ನಪ್ಪನ ಹಾಡು, ಎರಡನೆಯದು ಅಮ್ಮನದ್ದು. ನನ್ನ ಕಾಲದ ಹಾಡುಗಳನ್ನು ಯಾಕೆ ಒಯ್ಯಲಿಲ್ಲ ಅಂದರೆ, ಇವೆರಡರಲ್ಲಿ ಪ್ರತಿ ಉಸಿರೂ ನನಗೆ ಬಾಯಿಪಾಠ. ಏನಾದರೂ ಹೊಸದು ಕೇಳಿದರೆ ಅದು ಹೆಡ್‌ಫೋನಿಂದಲೇ ಬಂದಿದ್ದು ಅಂತ ಗ್ಯಾರಂಟಿ.

ಮೊದಲು ಸೆನ್‌ಹೈಸರ್ ಎಚ್‌ಡಿ 800 ಎಸ್. ಹಿಂಬದಿ ತೆರೆದೇ ಇರುವ ಹೆಡ್‌ಫೋನ್, ಪಕ್ಕದಲ್ಲಿದ್ದವರಿಗೂ ಹಾಡು ಕೇಳುತ್ತೆ. ಕಿವಿಗೆ ತಾಗೋದೇ ಇಲ್ಲ, ಕಿವಿಯ ಸುತ್ತ ಒಂದು ಕೋಣೆ ಕಟ್ಟಿದ ಹಾಗೆ. ‘ಪ್ರೇಮಲೋಕ’ದ ವಾದ್ಯಗಳು ಎಡ, ಬಲ ಅಂತ ಚೆನ್ನಾಗಿ ಹರಡಿಕೊಂಡವು. ಆಮೇಲೆ ಸ್ಟ್ಯಾಕ್ಸ್. ಇದು ಜಪಾನಿನದೇ ಕಂಪನಿ, 1960ರಲ್ಲಿ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್ ಮಾರುಕಟ್ಟೆಗೆ ತಂದವರು. ಮಾಮೂಲಿ ಹೆಡ್‌ಫೋನಿನಲ್ಲಿ ಒಂದು ಸಣ್ಣ ಕೋನು, ಒಂದು ಸುರುಳಿ, ಒಂದು ಅಯಸ್ಕಾಂತ ಇರುತ್ತೆ. ಇದರಲ್ಲಿ ಅದ್ಯಾವುದೂ ಇಲ್ಲ. ತೂತುಗಳಿರುವ ಎರಡು ಲೋಹದ ತಟ್ಟೆಗಳ ನಡುವೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಒಂದು ಹಾಳೆ, ಅದಕ್ಕೆ 580 ವೋಲ್ಟ್ ಬಯಾಸ್. ಕಿವಿ ಪಕ್ಕದಲ್ಲಿ 580 ವೋಲ್ಟ್ ಅಂದಾಗ ಸ್ವಲ್ಪ ಹೆದರಿಕೆ ಆಯ್ತು, ಆದರೆ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಲೆ ಚೀಟಿ ನೋಡಿದಾಗ ಹೆದರಿಕೆ ಜಾಸ್ತಿಯಾಯ್ತು. ನಮ್ಮೂರಲ್ಲಿ ಅಷ್ಟಕ್ಕೆ ಎರಡು ಮೂರು ಸ್ಕೂಟರ್ ಬರುತ್ತವೆ.

ಹಾಡು ಶುರುವಾಯ್ತು. ಪಿ.ಬಿ.ಎಸ್. ಸಾಲಿನ ಮೊದಲು ಉಸಿರು ತೆಗೆದುಕೊಳ್ಳೋದು ಕೇಳಿಸಿತು. ಹಿಂದೆ ಟೇಪಿನ ಸಣ್ಣ ಸೊಂಯ್ ಸದ್ದು. ಯಾವುದೋ ಪಿಟೀಲು ಒಂದು ಕೂದಲೆಳೆ ತಡವಾಗಿ ಶುರುವಾಗಿದ್ದು. ಐವತ್ತು ವರ್ಷದ ಹಿಂದಿನ ಆ ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದ್ರಾ ಅಂತ ಎರಡು ಸಲ ಹಿಂದೆ ಹೋಗಿ ಕೇಳಿದೆ. ಹೇಳೋದಕ್ಕೆ ಬೇರೆ ಮಾತಿಲ್ಲ, ಕಣ್ಣು ಒದ್ದೆಯಾಯ್ತು.

ಆದರೂ ಒಂದು ಮಾತು. ಆ ಹಾಡು ಮೋನೊ. ಎಷ್ಟೇ ದುಡ್ಡಿನ ಹೆಡ್‌ಫೋನ್ ಹಾಕಿದರೂ ಪಿ.ಬಿ.ಎಸ್. ಹಾಡೋದು ತಲೆಬುರುಡೆಯ ನಡುಮಧ್ಯದಲ್ಲೇ. ಎದುರಿಗೆ ಕೂತು ಹಾಡಿದ ಹಾಗೆ ಇರಲ್ಲ. ಸ್ಟೀರಿಯೊ ಹಾಡಾದರೆ ಎಡಕಿವಿಯಿಂದ ಬಲಕಿವಿಗೆ ಒಂದು ದಾರ ಕಟ್ಟಿ ಅದರ ಮೇಲೆ ವಾದ್ಯಗಳನ್ನು ಒಣಹಾಕಿದ ಹಾಗಿರುತ್ತೆ, ಅಷ್ಟೆ.

(ನಾಕಾನೊದಲ್ಲಿರುವ ಫುಜಿಯಾ ಏವಿಕ್ ಅಂಗಡಿಗೂ ಹೋಗಿದ್ದೆ. 1966ರಲ್ಲಿ ಕಟ್ಟಿದ ಬ್ರಾಡ್‌ವೇ ಅನ್ನೋ ಕಟ್ಟಡದ ಮೂರನೇ ಮಹಡಿ. ಸೆಕೆಂಡ್ ಹ್ಯಾಂಡ್ ಮಾಲು ಚೆನ್ನಾಗಿ ಸಿಗುತ್ತೆ. ಅಲ್ಲೇ ನೆನಪಾಗಿದ್ದು ಇದು: ಸೋನಿಯವರು 1989ರಲ್ಲಿ ತಂದ ಎಂಡಿಆರ್-ಆರ್10 ಅನ್ನೋ ದಂತಕಥೆಯಂಥ ಹೆಡ್‌ಫೋನಿನ ಒಳಗಿನ ಪರದೆ ಬ್ಯಾಕ್ಟೀರಿಯಾ ನೇಯ್ದ ನಾರಿನದ್ದು, ಅದನ್ನು ಸೋನಿ ಜೊತೆ ಸೇರಿ ಮಾಡಿದ್ದು ಅಜಿನೊಮೊಟೊ ಕಂಪನಿ. ಹೌದು, ಗೋಬಿ ಮಂಚೂರಿ ಗಾಡಿಯ ಅದೇ ಅಜಿನೊಮೊಟೊ.)

ಎರಡನೇ ಭಾನುವಾರ ನಮ್ಮ ಟೋಕಿಯೊ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಕವಾಸಾಕಿಯ ತಮ್ಮ ಫ್ಲ್ಯಾಟಿಗೆ ಕರೆದರು. ‘ಹೆಡ್‌ಫೋನ್ ಅಂಗಡಿ ಸುತ್ತಿದ್ದು ಸಾಕು, ಮನೆಗೆ ಬಾ, ಬೇರೆ ಒಂದು ತೋರಿಸ್ತೀನಿ’ ಅಂದಿದ್ದರು. ಅವರ ಹಾಲ್‌ನಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್. ಪಕ್ಕದ ಮನೆಯವರ ಭಯದಿಂದ ರಾತ್ರಿ ಅವನ್ನು ಹಾಕೋ ಹಾಗಿಲ್ಲ. ಅದಕ್ಕೇ ಅವರು ರಿಯಲೈಸರ್ ಎ16 ಅನ್ನೋ ಪೆಟ್ಟಿಗೆ ತರಿಸಿದ್ದರು. ಸ್ಮಿತ್ ರಿಸರ್ಚ್ ಅನ್ನೋ ಕಂಪನಿಯದ್ದು. 2016ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಎತ್ತಿ ಶುರು ಮಾಡಿದ್ದು.

ಕಿವಿ ತೂತಿಗೆ ಕಡಲೆಕಾಳಿನಂಥ ಎರಡು ಸಣ್ಣ ಮೈಕ್ ಹಾಕಿಸಿ ನನ್ನನ್ನು ಸೋಫಾದಲ್ಲಿ ಕೂರಿಸಿದರು. ಒಂದೊಂದೇ ಸ್ಪೀಕರಿಂದ ತಗ್ಗು ದನಿಯಿಂದ ಏರು ದನಿಯವರೆಗೆ ‘ವೂಊಊಪ್’ ಅನ್ನೋ ಸದ್ದು. ಮುಖ ನೇರ ಇಟ್ಟುಕೊಂಡು ಒಂದು ಸಲ, ಎಡಕ್ಕೆ ತಿರುಗಿಸಿ ಒಂದು ಸಲ, ಬಲಕ್ಕೆ ತಿರುಗಿಸಿ ಒಂದು ಸಲ. ಆಮೇಲೆ ಮೈಕ್ ಮೇಲೇ ಹೆಡ್‌ಫೋನ್ ಹಾಕಿ ಅದನ್ನೂ ಅಳೆದರು. ಆ ಕೋಣೆಯಲ್ಲಿ, ಆ ಸೋಫಾದಲ್ಲಿ, ನನ್ನ ಈ ಕಿವಿಗಳಿಗೆ ಸದ್ದು ಹೇಗೆ ಮುಟ್ಟುತ್ತೆ ಅನ್ನೋದು ಈಗ ಒಂದು ಫೈಲು.

ಹೆಡ್‌ಫೋನ್ ಹಾಕಿಕೊಂಡೆ. ಸಿನಿಮಾ ಹಾಕಿದರು. ಸದ್ದು ಎದುರಿನ ಸ್ಪೀಕರುಗಳಿಂದ ಬರ್ತಿತ್ತು. ‘ಹೆಡ್‌ಫೋನ್ ಇನ್ನೂ ಆನ್ ಆಗಿಲ್ಲ’ ಅಂತ ಹೇಳೋಕೆ ಅಂತ ತೆಗೆದೆ. ಕೋಣೆ ನಿಶ್ಶಬ್ದ. ಮತ್ತೆ ಹಾಕಿದೆ, ಸ್ಪೀಕರ್ ಹಾಡ್ತಿತ್ತು. ಹೆಡ್‌ಫೋನ್ ಮೇಲೆ ಕೂರಿಸಿದ ಸಣ್ಣ ಸೆನ್ಸರ್ ನನ್ನ ತಲೆ ತಿರುಗೋದನ್ನು ನೋಡಿಕೊಳ್ಳುತ್ತೆ. ತಲೆ ತಿರುಗಿಸಿದರೂ ಸ್ಪೀಕರ್ ಇದ್ದಲ್ಲೇ ಇತ್ತು. ಹಿಂದೆ ಬಲಗಡೆ ಯಾರೋ ಬಾಗಿಲು ಹಾಕಿದರು, ನಾನು ತಿರುಗಿ ನೋಡಿದೆ. ಅವರು ನಕ್ಕರು.

ಇದರ ಹಿಂದಿನ ಗುಟ್ಟು ದೊಡ್ಡದೇನಲ್ಲ, ಆದರೆ ನವಿರಾದದ್ದು. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ನಿಮ್ಮ ಎಡಗಡೆ ಯಾರಾದರೂ ಕರೆದರೆ ಆ ಸದ್ದು ಬಲಕಿವಿಗೆ ತಲೆಯನ್ನು ಬಳಸಿಕೊಂಡು ಬರಬೇಕು. ತಡ ಆಗೋದು ಹೆಚ್ಚೆಂದರೆ 0.7 ಮಿಲಿಸೆಕೆಂಡು. ಜೊತೆಗೆ ತಲೆ ಅಡ್ಡ ಬರೋದರಿಂದ ಬಲಕಿವಿಗೆ ಸ್ವಲ್ಪ ಮಂದವಾಗಿ ಕೇಳುತ್ತೆ. ಮಿದುಳು ಈ ಎರಡು ವ್ಯತ್ಯಾಸ ಹಿಡಿದುಕೊಂಡು ದಿಕ್ಕು ಹೇಳುತ್ತೆ. ಸಿಡಿಯಲ್ಲಿ ಒಂದು ಸ್ಯಾಂಪಲ್ಲಿಗೂ ಇನ್ನೊಂದಕ್ಕೂ ನಡುವೆ 23 ಮೈಕ್ರೊಸೆಕೆಂಡ್ ಅಂತರ. ಒಳ್ಳೆ ಕಿವಿಗಳು ಸುಮಾರು 10 ಮೈಕ್ರೊಸೆಕೆಂಡಿನ ವ್ಯತ್ಯಾಸವನ್ನೂ ಹಿಡಿಯುತ್ತವೆ. ಇನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ಅನ್ನೋದನ್ನು ಹೊರಕಿವಿಯ ಮಡಿಕೆಗಳು ಹೇಳಿಕೊಡುತ್ತವೆ. ಒಬ್ಬರ ಕಿವಿಯಂತೆ ಇನ್ನೊಬ್ಬರ ಕಿವಿ ಇರಲ್ಲ. ‘7.1’ ಅಂತ ಬರೆದು ಮಾರುವ ಗೇಮಿಂಗ್ ಹೆಡ್‌ಸೆಟ್ಟುಗಳು ಬಹಳಷ್ಟು ಸಲ ನನಗೆ ಬಚ್ಚಲಲ್ಲಿ ಕೂತ ಹಾಗೆ ಕೇಳೋದು ಇದಕ್ಕೇ. ಅವು ಯಾವುದೋ ಸರಾಸರಿ ಗೊಂಬೆ ತಲೆಯ ಲೆಕ್ಕ ಹಾಕಿರುತ್ತವೆ. ಈಗ ಸೋನಿ, ಆಪಲ್ ಎಲ್ಲ ಫೋನ್ ಕ್ಯಾಮೆರಾದಲ್ಲಿ ನಮ್ಮ ಕಿವಿಯನ್ನೇ ನೋಡಿ ಲೆಕ್ಕ ಸರಿಮಾಡ್ತಾರೆ. ಪರವಾಗಿಲ್ಲ ಅನ್ನಬಹುದು, ರಿಯಲೈಸರ್ ಕೇಳಿ ಬಂದವನಿಗೆ ಸಪ್ಪೆ.

ಸಹೋದ್ಯೋಗಿ ಒಂದು ಆಟ ಆಡಿಸಿದರು. ‘ಎಡಗಡೆ ಕಪ್ ಎತ್ತಿ ಕೇಳು’ ಅಂದರು. ಎತ್ತಿದೆ. ಇಡೀ ಹಾಲ್ ಮಡಚಿಕೊಂಡು ಬಲಕಿವಿಯೊಳಗೆ ಬಂದು ಬಿತ್ತು. ಎದುರಿನ ಸ್ಪೀಕರ್ ಇಲ್ಲ, ಹಿಂದಿನ ಬಾಗಿಲಿಲ್ಲ, ಮಾತಿದೆ, ಆದರೆ ಎಲ್ಲಿಂದ ಅಂತ ಗೊತ್ತಿಲ್ಲ.

ನನ್ನಪ್ಪನಿಗೆ ಎಡಕಿವಿ ಕೇಳಿಸಲ್ಲ. ಚಿಕ್ಕವರಿದ್ದಾಗ ಮಂಗನಬಾವು ಬಂದು ಹೋಗಿದ್ದು. ತಿಪಟೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಹಿಂದಿನ ಬೆಂಚಲ್ಲಿ ಯಾರು ಗಲಾಟೆ ಮಾಡಿದರೂ ಹೊಡೆಯದ ಮೇಷ್ಟ್ರು ಅಂತ ಊರಲ್ಲೆಲ್ಲ ಹೆಸರು, ಸಾಧು ಮೇಷ್ಟ್ರು ಅಂತಲೇ ಕರೀತಿದ್ದರು. ಮನೆಯಲ್ಲಿ ಅಮ್ಮ ಅಡುಗೆಮನೆಯಿಂದ ಕರೆದರೆ ಅವರು ವರಾಂಡದ ಕಡೆ ನೋಡ್ತಾರೆ, ‘ಕರೆದಿದ್ದು ಇಲ್ಲಿಂದ ಕಣ್ರೀ’ ಅಂತ ಅಮ್ಮ ಮೂವತ್ತು ವರ್ಷದಿಂದ ಗೊಣಗ್ತಾರೆ. ಹೋದ ವರ್ಷ ಬಿ.ಎಚ್. ರಸ್ತೆ ದಾಟುವಾಗ ಹಾರ್ನ್ ಕೇಳಿ ಉಲ್ಟಾ ಕಡೆ ತಿರುಗಿ ನಿಂತರಂತೆ, ಲಾರಿ ಒಂದು ಮೊಳ ಅಂತರದಲ್ಲಿ ಹೋಯ್ತಂತೆ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಕಪ್ ಎತ್ತಿ ಹಿಡಿದು ಕೂತ ಆ ಒಂದು ನಿಮಿಷದಲ್ಲಿ ಅವೆಲ್ಲ ಒಂದೇ ಸಂಗತಿ ಅಂತ ಗೊತ್ತಾಯ್ತು. ಸದ್ದು ಅವರಿಗೆ ಕೇಳುತ್ತೆ, ದಿಕ್ಕು ಇಲ್ಲ.

ಆ ರಾತ್ರಿ ಹೋಟೆಲಿಂದ ವಿಡಿಯೊ ಕಾಲ್ ಮಾಡಿ ಒಂದು ಸಣ್ಣ ಕೆಲಸ ಮಾಡಿಸಿದೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಉಪಯೋಗಕ್ಕೆ ಬರಬಹುದು. ಆಂಡ್ರಾಯ್ಡ್ ಇರಲಿ, ಐಫೋನ್ ಇರಲಿ, ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ ಅಂತಿದೆ, ಅಲ್ಲಿ ‘ಮೋನೊ ಆಡಿಯೊ’ ಆನ್ ಮಾಡಿದರೆ ಎಡಬಲ ಎರಡೂ ಸೇರಿ ಒಂದೇ ಆಗಿ ಎರಡೂ ಕಿವಿಗೆ ಬರುತ್ತೆ. ಅಪ್ಪ ಅಲ್ಲಿಯವರೆಗೆ ಇಯರ್‌ಫೋನಲ್ಲಿ ಸ್ಟೀರಿಯೊ ಹಾಡುಗಳ ಅರ್ಧವನ್ನೇ ಕೇಳ್ತಿದ್ದರು. ಅಮ್ಮನ ‘ಪ್ರೇಮಲೋಕ’ ಹಾಕಿಸಿದೆ. ಒಂದು ನಿಮಿಷ ಸುಮ್ಮನಿದ್ದರು. ‘ಇದರಲ್ಲಿ ಇಷ್ಟೊಂದು ವಾದ್ಯ ಇತ್ತೇನಪ್ಪ?’ ಅಂದರು. ಪಿ.ಬಿ.ಎಸ್. ಹಾಡುಗಳೇ ಶ್ರೇಷ್ಠ, ಆಮೇಲಿನವೆಲ್ಲ ಬಡಕಲು ಅಂತ ಅವರು ವಾದಿಸ್ತಿದ್ದರಲ್ಲ, ಆ ವಾದದಲ್ಲಿ ಮೋನೊ ಸ್ಟೀರಿಯೊಗಳ ಪಾಲೂ ಇತ್ತು ಅಂತ ನನ್ನ ಗುಮಾನಿ.

ಹೆಡ್‌ಫೋನ್ ಕೊಳ್ಳಲಿಲ್ಲ. ವಾಪಸ್ ಬಂದ ತಿಂಗಳಲ್ಲಿ ಅಪ್ಪನನ್ನು ಮೈಸೂರಿನ ಮಾನಸಗಂಗೋತ್ರಿಗೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. 1965ರಲ್ಲಿ ಶುರುವಾದ ಸಂಸ್ಥೆ, ನಮ್ಮ ಪಕ್ಕದಲ್ಲೇ ಇರೋದು. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬಟನ್ ಒತ್ತಿ ಅಂದರು. ಬಲಕಿವಿ ವಯಸ್ಸಿಗೆ ಚೆನ್ನಾಗಿದೆ, ಎಡದ್ದು ಇಲ್ಲವೇ ಇಲ್ಲ. ‘ಕ್ರಾಸ್’ ಅನ್ನೋ ಥರದ ಶ್ರವಣ ಸಾಧನ ಹಾಕಿ ನೋಡಿದರು. ಎಡಕಿವಿ ಮೇಲೆ ಒಂದು ಮೈಕ್, ಅದು ಅಲ್ಲಿನ ಸದ್ದನ್ನು ವೈರ್ ಇಲ್ಲದೆ ಬಲಕಿವಿಗೆ ಕಳಿಸುತ್ತೆ. ಇದರಿಂದ ದಿಕ್ಕು ವಾಪಸ್ ಬರಲ್ಲ ಅಂತ ಮೊದಲೇ ಹೇಳಿದರು. ಬರೋದೂ ಇಲ್ಲ, ಲೆಕ್ಕಕ್ಕೆ ಎರಡು ಕಿವಿ ಬೇಕೇ ಬೇಕು. ಎಡಗಡೆಯವರ ಮಾತು ತಪ್ಪಿಹೋಗಲ್ಲ, ಅಷ್ಟು.

ರಸ್ತೆ ದಾಟುವಾಗ ಮೊದಲಿನ ಹಾಗೇ ನಿಂತು ಎರಡೂ ಕಡೆ ನೋಡಿಯೇ ದಾಟಬೇಕು ಅಂತ ಅಮ್ಮನ ಕಟ್ಟಪ್ಪಣೆ ಆಗಿದೆ. ಸಾಧನವನ್ನು ಅಪ್ಪ ದಿನಾ ಹಾಕಲ್ಲ, ಮದುವೆ ಮುಂಜಿಗೆ ಮಾತ್ರ. ಮೊನ್ನೆ ಅರಸೀಕೆರೆಯಲ್ಲೊಂದು ಮದುವೆ ಊಟ ಮುಗಿಸಿ ಬಂದು ಫೋನ್ ಮಾಡಿದ್ದರು. ಎಡಗಡೆ ಎಲೆಗೆ ಕೂತಿದ್ದ ನಮ್ಮ ದೂರದ ನೆಂಟರ ಮಾತೆಲ್ಲ ಮೊದಲ ಸಲ ಪೂರ್ತಿ ಕೇಳಿಸಿತಂತೆ. ‘ಪಾಯಸದಿಂದ ಮಜ್ಜಿಗೆವರೆಗೂ ಬರೀ ಸೈಟಿನ ರೇಟೇ ಮಾತಾಡಿದ ಕಣಪ್ಪ. ಇದನ್ನ ಕೇಳಿಸೋಕೆ ಅಷ್ಟು ದುಡ್ಡು ಕೊಟ್ಟೆಯಾ?’