ಕಮರಿಗಳ ನಾಡಿನಲ್ಲಿ ಕುಂಚಕ್ಕೊಂದು ನೆಲೆ

ಅಮೆರಿಕದ ನೈಋತ್ಯ ಭಾಗದಲ್ಲಿ ಯೂಟಾ, ಅರಿಜೋನಾ, ಕೊಲೊರಾಡೊ, ನ್ಯೂ ಮೆಕ್ಸಿಕೊ ಎಂಬ ನಾಲ್ಕು ರಾಜ್ಯಗಳ ಗಡಿಗಳು ಒಂದೇ ಬಿಂದುವಿನಲ್ಲಿ ಬಂದು ಕೂಡುತ್ತವೆ. ಆ ಬಿಂದುವಿನ ಸುತ್ತ ಹಬ್ಬಿಕೊಂಡಿರುವ ಕೊಲೊರಾಡೊ ಪ್ರಸ್ಥಭೂಮಿಯೇ ಕಮರಿಗಳ ನಾಡು. ಅಲ್ಲಿ ಮಳೆ ಕಡಿಮೆ, ಮರ ವಿರಳ, ಮಣ್ಣಿನ ಹೊದಿಕೆ ಬಲು ತೆಳು. ಹಸುರಿನ ಮರೆಯಿಲ್ಲದ ಆ ನೆಲದಲ್ಲಿ ಭೂಮಿಯ ಅಸ್ಥಿಪಂಜರವೇ ಹೊರಬಿದ್ದಂತೆ ಬಂಡೆಗಳು ಪದರ ಪದರವಾಗಿ ತೆರೆದುಕೊಂಡಿವೆ. ಕಲ್ಲಿನೊಳಗಿನ ಕಬ್ಬಿಣದ ಅಂಶ ತುಕ್ಕುಹಿಡಿದು ಕೆಂಪು, ಕಾವಿ, ಕಿತ್ತಳೆ ಬಣ್ಣಗಳನ್ನು ತಾಳಿದೆ. ಇಳಿಹೊತ್ತಿನ ಬಿಸಿಲಿನಲ್ಲಿ ಬಾದಾಮಿಯ ಬಂಡೆಗಳನ್ನು ಕಂಡವರಿಗೆ ಈ ಬಣ್ಣ ತೀರ ಅಪರಿಚಿತವಲ್ಲ. ಆದರೆ ಇಲ್ಲಿ ಅದು ನೂರಾರು ಮೈಲಿ ಹರಡಿಕೊಂಡಿದೆ. ಇಂಥ ನಾಡಿನಲ್ಲಿ ಚಿತ್ರಕಾರನು ಸ್ಥಳವನ್ನು ಹುಡುಕುವ ಕಷ್ಟವೇಕೆ, ಎಲ್ಲಿ ಕುಳಿತರೂ ಚಿತ್ರವೇ ಅಲ್ಲವೇ ಎಂದು ಯಾರಾದರೂ ಕೇಳಿಯಾರು. ಬಣ್ಣದ ಪೆಟ್ಟಿಗೆ ಹೊತ್ತು ಅಲ್ಲಿಗೆ ಹೋದವರ ಅನುಭವ ಬೇರೆ. ನೋಡುವುದಕ್ಕೆ ಒಳ್ಳೆಯ ಜಾಗವು ಬರೆಯುವುದಕ್ಕೂ ಒಳ್ಳೆಯದಾಗಿರುವುದು ಅಲ್ಲಿ ಅಪರೂಪ.

ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯನ್ನೇ ನೋಡಬಹುದು. ಉದ್ದ 277 ಮೈಲಿ. ಕೆಲವೆಡೆ ಅಗಲ 18 ಮೈಲಿ. ಆಳ ಒಂದು ಮೈಲಿಗೂ ಮಿಕ್ಕು. ದಕ್ಷಿಣದ ಅಂಚಿಗೆ ಬಂದ ಪ್ರವಾಸಿಯು ಕಟಕಟೆ ಹಿಡಿದು ನಿಂತು, ಮಾತು ಹೊರಡದೆ, ಒಂದು ಗಳಿಗೆ ಮೈಮರೆಯುತ್ತಾನೆ. ಅವನ ಪಕ್ಕದಲ್ಲಿ ಈಸೆಲ್ ನಿಲ್ಲಿಸಿದ ಚಿತ್ರಕಾರನಿಗೂ ಮಾತು ಹೊರಡುವುದಿಲ್ಲ. ಆದರೆ ಅದಕ್ಕೆ ಕಾರಣ ಬೇರೆ. ಎದುರಿಗೆ ಸಮೀಪದ ವಸ್ತುವೊಂದೂ ಇಲ್ಲ. ಕಾಲಬುಡದಲ್ಲೇ ನೆಲ ಮುಗಿದು, ಮುಂದಿನದೆಲ್ಲ ದೂರವೇ ಆಗಿಬಿಟ್ಟಿದೆ. ಒಣಹವೆಯಲ್ಲಿ ಹತ್ತು ಮೈಲಿ ಆಚೆಯ ಬಂಡೆಯೂ ಕೈಗೆಟುಕುವಂತೆ ನಿಚ್ಚಳವಾಗಿ ಕಾಣುತ್ತದೆ. ಸರಾಸರಿ 300 ಅಡಿ ಅಗಲದ ಕೊಲೊರಾಡೊ ನದಿ, ಕಂಡರೆ, ಒಂದು ದಾರದ ಎಳೆ. ಇದನ್ನು ಕಂಡದ್ದು ಕಂಡ ಹಾಗೆ ಒಂದು ಗೇಣಿನ ಕಾಗದದ ಮೇಲೆ ಇಳಿಸಿದರೆ ನೋಡಿದವರು ಅದನ್ನು ಕೆಂಪುಮಣ್ಣಿನ ಕೊರಕಲೆಂದು ಭಾವಿಸಿಯಾರೇ ಹೊರತು ಮಹಾಕಮರಿಯೆಂದು ನಂಬಲಾರರು.

ಈ ತೊಡಕನ್ನು ಮೊದಲು ಬಿಡಿಸಿದವರಲ್ಲಿ ಥಾಮಸ್ ಮೋರಾನನ ಹೆಸರು ದೊಡ್ಡದು. 1837ರಲ್ಲಿ ಇಂಗ್ಲೆಂಡಿನ ಬೋಲ್ಟನ್ನಿನಲ್ಲಿ ಹುಟ್ಟಿ, ಎಳವೆಯಲ್ಲೇ ಅಮೆರಿಕಕ್ಕೆ ಬಂದ ಈತನು 1871ರಲ್ಲಿ ಯೆಲ್ಲೊಸ್ಟೋನ್ ಪ್ರಾಂತ್ಯಕ್ಕೆ ಹೋದ ಸರಕಾರೀ ಪರಿಶೋಧಕರ ತಂಡದೊಡನೆ ಹೋಗಿದ್ದನು. 1873ರ ಬೇಸಗೆಯಲ್ಲಿ, ಕೊಲೊರಾಡೊ ನದಿಯನ್ನು ದೋಣಿಯಲ್ಲಿ ಇಳಿದು ಖ್ಯಾತನಾಗಿದ್ದ ಒಂಟಿತೋಳಿನ ಮೇಜರ್ ಪೊವೆಲ್ಲನ ಜತೆಗೂಡಿ ಮಹಾಕಮರಿಯ ಉತ್ತರದ ಅಂಚನ್ನು ಮುಟ್ಟಿದನು. ಅಲ್ಲಿ ಮಾಡಿಕೊಂಡ ರೇಖಾಚಿತ್ರಗಳಿಂದ ಮೂಡಿದ್ದು ‘ಕೊಲೊರಾಡೊ ನದಿಯ ಕಂದರ’ವೆಂಬ ಏಳಡಿ ಎತ್ತರ, ಹನ್ನೆರಡಡಿ ಅಗಲದ ತೈಲಚಿತ್ರ. ಅಮೆರಿಕದ ಕಾಂಗ್ರೆಸ್ಸು ಅದನ್ನು 10,000 ಡಾಲರು ಕೊಟ್ಟು ಕೊಂಡುಕೊಂಡಿತು. ಆ ಚಿತ್ರದಲ್ಲಿ ಕಾಣುವ ದೃಶ್ಯವೆಲ್ಲವೂ ಒಟ್ಟಾಗಿ ಕಾಣಿಸುವ ಸ್ಥಳವೆಂಬುದು ಆ ಕಮರಿಯ ಅಂಚಿನ ಮೇಲೆಲ್ಲಿಯೂ ಇಲ್ಲ. ಬೇರೆ ಬೇರೆ ನೆಲೆಗಳಲ್ಲಿ ಕಂಡ ಬಂಡೆ, ಮೋಡ, ಮಳೆಯ ತೆರೆಗಳನ್ನು ಅವನು ಒಂದೆಡೆ ಕೂಡಿಸಿದ್ದನು. ಬಂಡೆಯ ಪದರಗಳ ವಿಷಯದಲ್ಲಿ ಮಾತ್ರ ಭೂವಿಜ್ಞಾನಿಯೂ ಒಪ್ಪುವಷ್ಟು ನಿಷ್ಠೆ. ಉಳಿದುದರಲ್ಲಿ ಚಿತ್ರಕಾರನ ಸ್ವಾತಂತ್ರ್ಯ. ಇದು ಸುಳ್ಳಾಯಿತಲ್ಲ ಎಂದು ಆಕ್ಷೇಪಿಸುವವರು ಅಂಚಿನ ಮೇಲೆ ಒಂದು ದಿನ ಕುಳಿತು ನೋಡಬೇಕು. ಬೆಳಗಿನಲ್ಲಿದ್ದ ಶಿಖರ ಮಧ್ಯಾಹ್ನಕ್ಕೆ ಇರುವುದಿಲ್ಲ. ನೆರಳು ಸರಿದಂತೆ ಒಂದು ಮಾಯವಾಗಿ ಮತ್ತೊಂದು ಎದ್ದು ನಿಲ್ಲುತ್ತದೆ.

ಆದುದರಿಂದ ಅಲ್ಲಿ ಸ್ಥಳವೆಂದರೆ ಹೊತ್ತು ಎಂದೂ ಅರ್ಥ. ನಡುಹಗಲಿನಲ್ಲಿ ಸೂರ್ಯ ನೆತ್ತಿಗೆ ಬಂದಾಗ ಕಮರಿ ಚಪ್ಪಟೆಯಾಗುತ್ತದೆ, ಬಣ್ಣ ಬೆಳ್ಳಗಾಗುತ್ತದೆ. ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆ, ಕೆಲಸಕ್ಕೆ ಬರುವುದು ಇಷ್ಟೇ. ಬಲ್ಲವರು ಮೊದಲು ನೆರಳಿನ ಗಡಿಗಳನ್ನು ಗೆರೆ ಎಳೆದು ಹಿಡಿದಿಟ್ಟುಕೊಂಡು, ಆಮೇಲೆ ಅದು ಎಲ್ಲಿಗೆ ಸರಿದರೂ ಲಕ್ಷಿಸುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ಕೆಳಗೇ ಹಾಯುವುದರಿಂದ ದಿನವಿಡೀ ಓರೆಬೆಳಕು ದೊರೆಯುತ್ತದೆ. ಜತೆಗೆ, ಏಳು ಸಾವಿರ ಅಡಿ ಎತ್ತರದ ಅಂಚಿನ ಹಿಮದಲ್ಲಿ ಬೆರಳು ಮರಗಟ್ಟುತ್ತದೆ. ಜನಜಂಗುಳಿಯ ನೋಟದ ಕಟ್ಟೆಗಳನ್ನು ಬಿಟ್ಟು ಪೂರ್ವದ ರಸ್ತೆಯಲ್ಲಿ ಸಾಗಿದರೆ ಮೋರಾನ್ ಪಾಯಿಂಟ್, ಅದರಾಚೆ ಲಿಪಾನ್ ಪಾಯಿಂಟ್. ಲಿಪಾನಿನಿಂದ ನದಿಯ ಒಂದು ದೊಡ್ಡ ತಿರುವು ಕಾಣುತ್ತದೆ. ಮುಂಚಾಚಿದ ಬಂಡೆಯೊಂದನ್ನೋ ಸೊಟ್ಟ ಜುನಿಪರ್ ಮರವೊಂದನ್ನೋ ಸಮೀಪಕ್ಕಿಟ್ಟುಕೊಂಡು ಕುಳಿತರೆ ಆಗ ದೂರಕ್ಕೆ ದೂರವೆಂಬ ಅರ್ಥ ಬರುತ್ತದೆ. ಆ ಒಂದು ಮರಕ್ಕಾಗಿ ಚಿತ್ರಕಾರರು ಅರ್ಧ ದಿನ ನಡೆಯುವುದುಂಟು.

ಸ್ವೀಡನ್ನಿನಿಂದ ಬಂದ ಗುನ್ನಾರ್ ವಿಡ್‌ಫೋರ್ಸ್ ಎಂಬ ಜಲವರ್ಣಕಾರನು ಒಂದು ದಿನ, ಒಂದು ಋತುವಿನಿಂದ ತೃಪ್ತನಾಗದೆ, ತನ್ನ ಬಾಳಿನ ಕೊನೆಯ ವರ್ಷಗಳನ್ನೆಲ್ಲ ಹೆಚ್ಚಾಗಿ ಈ ಕಮರಿಗೇ ಕೊಟ್ಟನು. ಅಂಚಿನ ಮೇಲಿನಿಂದ ಮಾತ್ರವಲ್ಲ, ಕೆಳಗಿಳಿದೂ ಬರೆದನು. ಇಳಿದು ನೋಡಿದಾಗ ಗೋಡೆ ಗೋಡೆಯಾಗಿ, ಎತ್ತರ ಎತ್ತರವಾಗಿ ಕಾಣುವುದೆಂಬುದು ಅವನ ಚಿತ್ರಗಳಿಂದ ತಿಳಿಯುತ್ತದೆ. 1934ರಲ್ಲಿ ದಕ್ಷಿಣ ಅಂಚಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡ ಅವನ ಸಮಾಧಿ ಅಲ್ಲಿನ ಸ್ಮಶಾನದಲ್ಲಿದೆ. ಉತ್ತರದ ಅಂಚಿನಲ್ಲಿ ಅವನ ಹೆಸರಿನ ಕಾಲುದಾರಿಯೊಂದು ಕಾಡಿನ ನಡುವೆ ಹಾಯ್ದು ಕಮರಿಯ ಬದಿಗೆ ಕರೆದೊಯ್ಯುತ್ತದೆ. ಜನ ಕಡಿಮೆಯಿರುವ, ಚಳಿಗಾಲದಲ್ಲಿ ಹಿಮದಿಂದ ದಾರಿ ಮುಚ್ಚುವ ಕಡೆ ಅದು. 2025ರ ಜುಲೈ ತಿಂಗಳ ಕಾಳ್ಗಿಚ್ಚಿನಲ್ಲಿ ಅಲ್ಲಿದ್ದ ಹಳೆಯ ಅತಿಥಿಗೃಹ ಸುಟ್ಟುಹೋಯಿತು.

ಅಂಚಿನಿಂದ ಇಣುಕುವ ಕಷ್ಟ ಬೇಡವೆನ್ನುವವರಿಗೆ ಯೂಟಾ ರಾಜ್ಯದ ಜಯಾನ್ ಕಣಿವೆ ಇದೆ. ಇಲ್ಲಿ ಯಾತ್ರಿಕನು ತಳದಲ್ಲೇ ನಡೆಯುತ್ತಾನೆ. ವರ್ಜಿನ್ ಎಂಬ ಪುಟ್ಟ ನದಿಯ ಎರಡು ದಡಗಳಲ್ಲೂ ಸುಮಾರು ಎರಡು ಸಾವಿರ ಅಡಿಯ ಮರಳುಗಲ್ಲಿನ ಗೋಡೆಗಳು. ಒಂದು ಗೋಡೆಗೆ ಬಿಸಿಲು ಬಿದ್ದಾಗ ಅದರ ಕೆಂಪು ಎದುರುಗೋಡೆಯ ನೆರಳಿನೊಳಕ್ಕೆ ಚಿಮ್ಮುತ್ತದೆ. ನೆರಳೇ ಕೆಂಡದಂತೆ ಒಳಗಿನಿಂದ ಬೆಳಗುತ್ತದೆ. ನೆರಳೆಂದರೆ ಕಪ್ಪು ಎಂದು ಕಲಿತು ಬಂದವರು ಇಲ್ಲಿ ಅದನ್ನು ಮರೆಯಬೇಕಾಗುತ್ತದೆ.

ಪೊವೆಲ್ಲನ ಎರಡನೆಯ ಯಾತ್ರೆಯಲ್ಲಿ 17ರ ಹುಡುಗನಾಗಿ ಸೇರಿದ್ದ ಫ್ರೆಡರಿಕ್ ಡೆಲೆನ್‌ಬಾ 1903ರ ಬೇಸಗೆಯಲ್ಲಿ ಈ ಕಣಿವೆಗೆ ಬಂದು ಚಿತ್ರಗಳನ್ನು ಬರೆದನು. 1904ರಲ್ಲಿ ಸೇಂಟ್ ಲೂಯಿಯ ವಿಶ್ವಪ್ರದರ್ಶನದಲ್ಲಿ ಅವನ್ನು ತೂಗುಹಾಕಿದಾಗ, ಇಂಥ ಸ್ಥಳ ಭೂಮಿಯ ಮೇಲೆ ಇರಲಾರದು, ಇದು ಚಿತ್ರಕಾರನ ಕಲ್ಪನೆ ಎಂದು ಪ್ರೇಕ್ಷಕರು ಶಂಕಿಸಿದರಂತೆ. ಆ ಕಡೆಯಿಂದಲೇ ಬಂದಿದ್ದ ಒಬ್ಬಾತನು, ಇದು ನಮ್ಮೂರ ಹತ್ತಿರದ್ದೇ ಎಂದು ಸಾಕ್ಷಿ ನುಡಿಯಬೇಕಾಯಿತೆಂದು ಹೇಳುತ್ತಾರೆ. ಐದು ವರ್ಷಗಳ ತರುವಾಯ, 1909ರಲ್ಲಿ, ಕಣಿವೆಗೆ ಸರಕಾರದ ರಕ್ಷಣೆ ದೊರೆಯಿತು. 1919ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮಹಾಕಮರಿಯೂ ಅದೇ ವರ್ಷ ರಾಷ್ಟ್ರೀಯ ಉದ್ಯಾನವಾದದ್ದು.

ಇಂದು ಜಯಾನಿನಲ್ಲಿ ಜನವೇ ಜನ. ವರ್ಷದ ಬಹುಭಾಗ ಕಣಿವೆಯೊಳಗಿನ ರಸ್ತೆಗೆ ಸ್ವಂತ ಕಾರುಗಳನ್ನು ಬಿಡುವುದಿಲ್ಲ. ಉದ್ಯಾನದ ಬಸ್ಸಿನಲ್ಲೇ ಹೋಗಬೇಕು. ಕಾವಲುಗಾರನೆಂಬ ಹೆಸರಿನ ಶಿಖರದ ಸಂಜೆಯನ್ನು ಸೆರೆಹಿಡಿಯಲು ಸೇತುವೆಯ ಮೇಲೆ ಛಾಯಾಗ್ರಾಹಕರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಚಿತ್ರಕಾರನಿಗೆ ಆ ಸೇತುವೆ ಬೇಕಾಗಿಲ್ಲ. ಹೊಳೆಯ ಬದಿಯ ಕಾಲುದಾರಿಯಲ್ಲಿ ಹತ್ತು ನಿಮಿಷ ನಡೆದರೆ ಅದೇ ಶಿಖರ, ಅದೇ ನೀರು, ಅಡ್ಡಲಾಗಿ ಕಾಟನ್‌ವುಡ್ ಮರಗಳ ಸಾಲು, ನೆರಳು, ಏಕಾಂತ. ಅಕ್ಟೋಬರ್ ಕೊನೆಗೂ ನವೆಂಬರ್ ಮೊದಲಿಗೂ ನಡುವೆ ಆ ಎಲೆಗಳು ಅರಿಸಿನ ಬಳಿದಂತಾದಾಗ, ಹಿಂದಿನ ಕೆಂಪುಗೋಡೆಯ ಮುಂದೆ ಅವನ್ನು ಬರೆಯದೆ ಬಂದವರು ವಿರಳ.

ಜಯಾನಿನಿಂದ ಪೂರ್ವಕ್ಕೆ, 1930ರಲ್ಲಿ ಬಂಡೆ ಕೊರೆದು ತೆರೆದ ಒಂದು ಮೈಲಿಗೂ ಮೀರಿದ ಸುರಂಗವನ್ನು ದಾಟಿ ಹೋದರೆ ಮೌಂಟ್ ಕಾರ್ಮೆಲ್ ಎಂಬ ಪುಟ್ಟ ಊರು. ಮರುಭೂಮಿಯ ಚಿತ್ರಕಾರನೆಂದೇ ಹೆಸರಾದ ಮೇನಾರ್ಡ್ ಡಿಕ್ಸನ್ 1939ರಲ್ಲಿ ಇಲ್ಲೊಂದು ಬೇಸಗೆಯ ಮನೆ ಕಟ್ಟಿಸಿದನು. ಊರಿನ ಹೆಸರು ಯಾವ ಪ್ರವಾಸಿ ಚಿತ್ರಪಟದಲ್ಲಿಯೂ ಇರಲಿಲ್ಲ. ಮನೆಯ ಸುತ್ತ ಹೊಲ, ಮರಗಳ ಗುಂಪು, ದೂರದಲ್ಲಿ ತೆಳುಬಣ್ಣದ ದಿಬ್ಬಗಳ ಸಾಲು, ಮೇಲೆ ಅಗಾಧ ಆಕಾಶ. ಇಷ್ಟೇ ಸಾಕಾಯಿತು ಅವನಿಗೆ. ಬೆಟ್ಟದ ಮಗ್ಗುಲನ್ನು ನಾಲ್ಕಾರು ಅಗಲವಾದ ಬಣ್ಣದ ಹಾಳೆಗಳಂತೆ ಬಿಡಿಸಿ, ಮೋಡಕ್ಕೆ ಚಿತ್ರದ ಮುಕ್ಕಾಲು ಪಾಲು ಕೊಡುತ್ತಿದ್ದನು. 1946ರಲ್ಲಿ ಅವನು ತೀರಿಕೊಂಡ ಮೇಲೆ ಚಿತಾಭಸ್ಮವನ್ನು ಮನೆಯ ಹಿಂದಿನ ದಿಬ್ಬದ ಮೇಲೆ ಇರಿಸಿದರು. ಹೆಸರಾಂತ ನೋಟಗಳ ಪಟ್ಟಿ ಹಿಡಿದು ದಿನಕ್ಕೆ ಮೂರು ಉದ್ಯಾನ ಓಡುವವರು ಮೌಂಟ್ ಕಾರ್ಮೆಲಿನಲ್ಲಿ ಪೆಟ್ರೋಲು ಹಾಕಿಸಿಕೊಂಡು ಮುಂದೆ ಹೋಗುತ್ತಾರೆ!

ಸ್ಥಳ ದೊರೆತ ಮೇಲೂ ಕೂರುವ ಸಮಸ್ಯೆ ಉಳಿಯುತ್ತದೆ. ಬಿಸಿಲಿನಲ್ಲಿ ಹಿಡಿದ ಕ್ಯಾನ್ವಾಸು ಕಣ್ಣು ಕೋರೈಸಿ, ಬಣ್ಣಗಳು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತವೆ. ಮನೆಗೆ ತಂದು ನೋಡಿದರೆ ಚಿತ್ರ ಮಸಿಯಾಗಿರುತ್ತದೆ. ಛತ್ರಿ ಹಿಡಿದರೆ ಗಾಳಿ ಕಿತ್ತೊಯ್ಯುತ್ತದೆ. ಜಲವರ್ಣ ಕಾಗದ ಮುಟ್ಟುವ ಮೊದಲೇ ಒಣಗುತ್ತದೆ. ನ್ಯೂ ಮೆಕ್ಸಿಕೊದ ಘೋಸ್ಟ್ ರ‍್ಯಾಂಚಿನ ಕೆಂಪುದಿಬ್ಬಗಳನ್ನು ಬರೆದ ಜಾರ್ಜಿಯಾ ಓಕೀಫ್ ಇದಕ್ಕೆ ಉಪಾಯ ಕಂಡುಕೊಂಡಿದ್ದಳು. ತನ್ನ ಫೋರ್ಡ್ ಕಾರಿನ ಮುಂದಿನ ಆಸನವನ್ನು ಹಿಮ್ಮುಖವಾಗಿ ತಿರುಗಿಸಿ, ಹಿಂದಿನ ಆಸನದ ಮೇಲೆ ಕ್ಯಾನ್ವಾಸನ್ನಿಟ್ಟು, ಕಾರಿನೊಳಗೇ ಕುಳಿತು ಬರೆಯುತ್ತಿದ್ದಳು. ಕಾರಿಲ್ಲದವರು ಬಂಡೆಯ ಉತ್ತರದ ಮಗ್ಗುಲನ್ನು ಆಶ್ರಯಿಸುತ್ತಾರೆ.

ಇರುಕಾದ ಕಮರಿಯ ತಳ ತಂಪಾಗಿರುತ್ತದೆಂದು ಅಲ್ಲಿ ಕೂರುವ ಆಸೆ ಅನೇಕರಿಗೆ. ಆದರೆ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಗುಡುಗುಮಳೆಯ ಕಾಲದಲ್ಲಿ ಅದು ಪ್ರಾಣಕ್ಕೆ ಸಂಚಕಾರ. ತಲೆಯ ಮೇಲಿನ ಆಕಾಶ ನೀಲಿಯಾಗಿದ್ದರೂ ಹತ್ತಾರು ಮೈಲಿ ದೂರದಲ್ಲಿ ಸುರಿದ ಮಳೆ ಬರಿಯ ಬಂಡೆಯ ಮೇಲೆ ಇಂಗದೆ ಹರಿದು ಗೋಡೆಯಂತೆ ಬರುತ್ತದೆ. 1997ರ ಆಗಸ್ಟಿನಲ್ಲಿ ಅರಿಜೋನಾದ ಆ್ಯಂಟಿಲೋಪ್ ಕಮರಿಯಲ್ಲಿ ಹೀಗೆ ಬಂದ ನೀರಿಗೆ 11 ಮಂದಿ ಪ್ರವಾಸಿಗರು ಬಲಿಯಾದರು. ಮೇಲಿನ ನೆಲಕ್ಕೆ ಬಂದರೆ ಅಲ್ಲಿಯೂ ಕಾಲಿಡುವಾಗ ಎಚ್ಚರ ಬೇಕು. ಯೂಟಾದ ಮೋವಾಬ್ ಊರಿನ ಸುತ್ತಿನ ಮರಳಿನ ಮೇಲೆ ಕಪ್ಪಗೆ, ಉಬ್ಬುಉಬ್ಬಾಗಿ ಕಾಣುವ ಹೆಪ್ಪು ಜೀವವಿಲ್ಲದ ಮಣ್ಣಲ್ಲ. ಪಾಚಿ, ಕಲ್ಲುಹೂ, ಸೂಕ್ಷ್ಮಾಣುಗಳು ಸೇರಿ ನೇಯ್ದ ಹೊದಿಕೆ. ಮರಳನ್ನು ಗಾಳಿಗೆ ಹಾರದಂತೆ ಹಿಡಿದಿರುವುದು ಅದೇ. ಒಂದು ಹೆಜ್ಜೆಗೆ ಪುಡಿಯಾದದ್ದು ಮರಳಿ ಕೂಡಿಕೊಳ್ಳಲು ದಶಕಗಳು ಬೇಕು. ಈಸೆಲ್ಲಿನ ಮೂರು ಕಾಲುಗಳಿಗೆ ಬರಿಬಂಡೆಯೋ ಒಣಗಿದ ಹಳ್ಳದ ಮರಳೋ ಸಿಕ್ಕುವ ತನಕ ಅಲ್ಲಿನ ಚಿತ್ರಕಾರರು ನಡೆಯುತ್ತಲೇ ಇರುತ್ತಾರೆ.

ಇನ್ನು ಕೆಲವು ಕಮರಿಗಳು ಜನರ ಮನೆ. ಅರಿಜೋನಾದ ಕ್ಯಾನ್ಯನ್ ಡಿ ಶೇ ನವಾಹೊ ಜನರ ನೆಲದಲ್ಲಿದೆ. ಅದರ ತಳದಲ್ಲಿ ಇಂದಿಗೂ ಅವರ ಹೊಲ, ತೋಟ, ಕುರಿಗಳುಂಟು. ಅಂಚಿನ ನೋಟಗಳಿಗೆ ಯಾರೂ ಹೋಗಬಹುದು. ತಳಕ್ಕೆ ಇಳಿಯಬೇಕಾದರೆ ನವಾಹೊ ಮಾರ್ಗದರ್ಶಿಯ ಜತೆಯಲ್ಲಿಯೇ. ಇದನ್ನು ಅಡಚಣೆಯೆಂದು ಗೊಣಗುವ ಪ್ರವಾಸಿಗರಿದ್ದಾರೆ. ಅಪರಿಚಿತನೊಬ್ಬ ತಮ್ಮ ಹಿತ್ತಿಲಲ್ಲಿ ಮುಕ್ಕಾಲಿ ನೆಟ್ಟು ಕುಳಿತರೆ ಅವರೇ ಮೊದಲು ಗದರಿಸುವವರು.

ಎಷ್ಟು ಹುಡುಕಿದರೂ ದೊರೆಯದ ಸ್ಥಳಗಳೂ ಈ ನಾಡಿನಲ್ಲಿವೆ. ಮಹಾಕಮರಿಗೆ ಮೇಲುಗಡೆ ಕೊಲೊರಾಡೊ ನದಿ ಹರಿಯುತ್ತಿದ್ದ ಗ್ಲೆನ್ ಕ್ಯಾನ್ಯನ್ನಿನ ನೂರಾರು ಕವಲುಕಮರಿಗಳನ್ನು ಕಂಡವರು ಅದಕ್ಕಿಂತ ಕೋಮಲವಾದ ಕಣಿವೆ ಮತ್ತೊಂದಿಲ್ಲವೆನ್ನುತ್ತಿದ್ದರು. 1963ರಲ್ಲಿ ಅಣೆಕಟ್ಟಿನ ಬಾಗಿಲುಗಳು ಮುಚ್ಚಿದವು. ನೀರು ಏರುತ್ತ ಏರುತ್ತ 1980ರಲ್ಲಿ ಜಲಾಶಯ ತುಂಬಿತು. ಅದಕ್ಕೆ ಪೊವೆಲ್ಲನ ಹೆಸರನ್ನೇ ಇಟ್ಟಿದ್ದಾರೆ. ವಿದ್ಯುತ್ತು, ನೀರು, ದೋಣಿವಿಹಾರ ಎಲ್ಲವೂ ದೊರೆತವು; ಬಣ್ಣದ ಪೆಟ್ಟಿಗೆ ಹೊತ್ತು ಅಲ್ಲಿಗೆ ಮುಂಚೆ ಹೋಗಿದ್ದವರು ಬೆರಳೆಣಿಕೆಯಷ್ಟು. ಆಮೇಲೆ ಇಪ್ಪತ್ತೊಂದನೆಯ ಶತಮಾನದ ಬರಗಾಲ ಬಂದಿತು. 2023ರ ವಸಂತದ ಹೊತ್ತಿಗೆ ನೀರಿನ ಮಟ್ಟ ತುಂಬಿದ ಮಟ್ಟಕ್ಕಿಂತ ಸುಮಾರು 180 ಅಡಿ ಕೆಳಗಿಳಿದಿತ್ತು. ‘ಮರುಭೂಮಿಯ ದೇವಾಲಯ’ವೆಂದು ಕರೆಸಿಕೊಂಡಿದ್ದ, ಬಂಡೆಯ ಗುಮ್ಮಟದೊಳಗೆ ಸಣ್ಣ ಜಲಪಾತವೊಂದು ಬೀಳುವ ಗವಿ 2005ರಲ್ಲಿ ಒಮ್ಮೆ ನೀರಿನಿಂದ ಮೇಲೆ ಬಂದು ಮತ್ತೆ ಮುಳುಗಿ, ಈ ಬರದಲ್ಲಿ ಪುನಃ ಕಾಣಿಸಿಕೊಂಡಿತು. ಕವಲುಕಮರಿಗಳಲ್ಲಿ ಹೂಳು ಕೊಚ್ಚಿಹೋಗಿ, ಕಾಟನ್‌ವುಡ್ ಸಸಿಗಳು ಮೇಲೆದ್ದಿವೆ. ಕೆಂಪುಗೋಡೆಗಳ ಮೇಲೆ ಮಾತ್ರ ನೀರು ನಿಂತಿದ್ದ ಎತ್ತರದವರೆಗೂ ಸುಣ್ಣ ಬಳಿದಂಥ ಬಿಳಿಯ ಪಟ್ಟಿ ಉಳಿದುಕೊಂಡಿದೆ. ದೋಣಿಯಿಂದಿಳಿದು, ಕೆಸರಿನ ದಂಡೆಯ ಮೇಲೆ ಈಸೆಲ್ ನಿಲ್ಲಿಸುವ ಚಿತ್ರಕಾರರಲ್ಲಿ ಕೆಲವರು ಆ ಪಟ್ಟಿಗೂ ಕೆಂಪನ್ನೇ ತುಂಬುತ್ತಾರೆ. ಮತ್ತೆ ಕೆಲವರು ಅದನ್ನು ಬಿಳಿಯಾಗಿಯೇ ಬಿಡುತ್ತಾರೆ.