ಕರಡಿಯ ಚೀಲದಲ್ಲಿ ಒಂದು ಬೀಜ

ಆಟ ಶುರುವಾಗುವ ಮುಂಚೆ ಅದು ಕೇಳುವ ಮೊದಲ ಪ್ರಶ್ನೆ ನನಗೆ ಬಲು ಪ್ರೀತಿ: ನೀನು ಯಾರಾಗುತ್ತೀ? ಮುಂದೆ ನಿಂತು ಏಟು ತಡೆಯುವ ಯೋಧನೋ, ಗಾಯ ಮಾಯಿಸುವ ಪೂಜಾರಿಯೋ, ದೂರದಿಂದ ಬೆಂಕಿ ಎಸೆಯುವ ಮಂತ್ರವಾದಿಯೋ? ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಗಳಲ್ಲಿ ಇವಕ್ಕೆ ಕ್ಲಾಸ್ ಅನ್ನುತ್ತಾರೆ. ನಾನು ಆರಿಸಿಕೊಳ್ಳುವುದು ಎರಡು ಮೂರು ವಿದ್ಯೆ ಕೂಡಿಸಿಕೊಂಡ ಹೈಬ್ರಿಡ್ ಕ್ಲಾಸನ್ನೇ. ಅಣ್ಣಿಗೇರಿಯ ನೀರು ಕುಡಿದವನಿಗೆ ಇದು ಸಹಜ ಎಂದೇ ನನ್ನ ನಂಬಿಕೆ. ಪಂಪನ ತಾಯಿ ಅಬ್ಬಣಬ್ಬೆಯ ತವರು ನಮ್ಮೂರು. ಆಕೆಯ ಮಗ ಕವಿಯೂ ಹೌದು, ಕಲಿಯೂ ಹೌದು.

ನವಲಗುಂದದಲ್ಲಿರುವ ನನ್ನ ಸೋದರಳಿಯ ಇದನ್ನು ಒಪ್ಪುವುದಿಲ್ಲ. "ಮಾಮಾ, ಎಲ್ಲಾ ಬರತೈತಿ ಅಂದ್ರ ಒಂದೂ ಪೂರಾ ಬರಂಗಿಲ್ಲ. ಅಂಥವ್ರನ್ನ ಟೀಮಿನ್ಯಾಗ ಯಾರು ತಗೋತಾರ?" ಅನ್ನುತ್ತಾನೆ.

ಅವನ ಮಾತಿಗೆ ಆಟಗಳ ಚರಿತ್ರೆಯಲ್ಲಿ ಸಾಕ್ಷಿ ಬೇಕಾದಷ್ಟಿದೆ. 1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಲ್ಲಿ ಪ್ಯಾಲಡಿನ್, ರೇಂಜರ್ ಮುಂತಾದವರು ಮೇಲಿನ ಹಂತಕ್ಕೆ ಏರಲು ಶೇಕಡಾ 40ರಷ್ಟು ಹೆಚ್ಚು ಅನುಭವ ಗಳಿಸಬೇಕಿತ್ತು. ಎರಡು ವಿದ್ಯೆ ಕಲಿತದ್ದಕ್ಕೆ ದಂಡ! ಅದರ ಭಾರ ಜೊತೆಗಿದ್ದ ಗುಂಪಿನ ಮೇಲೂ ಬೀಳುತ್ತಿತ್ತು. ಆಮೇಲೆ ಆಟ ಮಾಡಿದವರೇ ಅದನ್ನು ತೆಗೆದುಹಾಕಿದರು. 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂತು. ಅದರ ಡ್ರೂಯಿಡ್ ಕರಡಿಯಾಗಿ ಏಟು ತಿನ್ನಬಲ್ಲ, ಹುಲಿಬೆಕ್ಕಾಗಿ ಸೀಳಬಲ್ಲ, ಸ್ವಂತ ರೂಪದಲ್ಲಿ ಗಾಯ ಮಾಯಿಸಬಲ್ಲ. ಆದರೂ 40 ಜನರ ದೊಡ್ಡ ಕಾಳಗಗಳಲ್ಲಿ ಅವನನ್ನು ಬಹುಮಟ್ಟಿಗೆ ಗಾಯ ಮಾಯಿಸಲಿಕ್ಕೇ ನಿಲ್ಲಿಸುತ್ತಿದ್ದರು. ಏಟಿನ ಬಲದಲ್ಲಿ ಅವನು ಒಂದೇ ಕೆಲಸದವನಿಗಿಂತ ತುಸು ಕಡಿಮೆಯೇ ಇರಬೇಕೆಂಬ ನಿಯಮಕ್ಕೆ ಆಟಗಾರರು ಇಟ್ಟ ಹೆಸರು ಹೈಬ್ರಿಡ್ ತೆರಿಗೆ.

ಈ ತೆರಿಗೆ ಎಷ್ಟಿರಬೇಕೆಂದು ಲೆಕ್ಕ ಹಾಕಲು ಕೂತರೆ ಅಂಕಿ ಕೈಗೆ ಸಿಗುವುದಿಲ್ಲ. ಪ್ರತಿ ಕೆಲಸದಲ್ಲೂ ನೂರಕ್ಕೆ 90ರಷ್ಟು ಬಲ ಕೊಟ್ಟೆವೆನ್ನೋಣ. ಐದು ಜನರ ಗುಂಪಿನಲ್ಲಿ ಅವನು ಬಂಗಾರ, ಯಾರು ಬಿದ್ದರೂ ಆ ಜಾಗಕ್ಕೆ ನಿಲ್ಲುತ್ತಾನೆ. 40 ಜನರಿದ್ದಲ್ಲಿ ಒಂದೊಂದು ಕೆಲಸಕ್ಕೂ ನುರಿತವರು ಸಾಲಾಗಿ ನಿಂತಿರುತ್ತಾರೆ, 90 ಯಾರಿಗೂ ಬೇಡ. ನೂರಕ್ಕೆ ನೂರು ಕೊಟ್ಟರೆ ಬರಿಯ ಯೋಧನನ್ನು ಕರೆಯುವವರೇ ಇರುವುದಿಲ್ಲ. ನನ್ನ ಮಟ್ಟಿಗೆ ಬಲವನ್ನು ತೂಗುವುದೇ ತಪ್ಪು ದಾರಿ. ಅವನಿಗೆ ಅವನದೇ ಆದ ಒಂದು ಗಳಿಗೆ ಕೊಡಬೇಕು.

ಡ್ರೂಯಿಡ್‌ಗೆ ಅಂಥದೊಂದಿದೆ, ರೀಬರ್ತ್. ಕಾಳಗ ನಡೆದಿರುವಾಗಲೇ ಸತ್ತವನನ್ನು ಎಬ್ಬಿಸುವ ವಿದ್ಯೆ ಅದು. ಹಳೆಯ ಆಟದಲ್ಲಿ ಅದಕ್ಕೆ ಚೀಲದಲ್ಲಿ ಒಂದು ಮರದ ಬೀಜ ಇರಲೇಬೇಕಿತ್ತು, ಒಮ್ಮೆ ಬಳಸಿದರೆ ಮತ್ತೆ ಅರ್ಧ ತಾಸು ಕಾಯಬೇಕಿತ್ತು. ಗಾಯ ಮಾಯಿಸುವವಳು ನೆಲಕ್ಕೆ ಬಿದ್ದಿದ್ದಾಳೆ, ಎದುರಿನ ರಾಕ್ಷಸ ಇನ್ನೂ ಅರ್ಧ ಜೀವದಲ್ಲಿದ್ದಾನೆ. ಬೆಕ್ಕಾಗಿ ಪರಚುತ್ತಿದ್ದವನು ಆ ರೂಪ ಕಳಚಿ ನಿಲ್ಲುತ್ತಾನೆ. ಎರಡು ಸೆಕೆಂಡು ಮಂತ್ರ, ಬೀಜ ಖರ್ಚಾಗುತ್ತದೆ, ಆಕೆ ಏಳುತ್ತಾಳೆ. ಆಕೆ ಸಾವರಿಸಿಕೊಳ್ಳುವಷ್ಟರಲ್ಲಿ ಇವನು ಕರಡಿಯಾಗಿ ರಾಕ್ಷಸನನ್ನು ತನ್ನ ಮೈಮೇಲೆ ಎಳೆದುಕೊಂಡಿರುತ್ತಾನೆ. ಆ ಹೊತ್ತಿನಲ್ಲಿ ಅವನ ಏಟು 90ರದೋ ನೂರರದೋ ಎಂದು ಯಾರೂ ಕೇಳುವುದಿಲ್ಲ.

ಕುಂದಗೋಳದ ಕಡೆಯ ಎರಿ ಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲಕ್ಕೆ ಹಾಕುವ ರೂಢಿಯಿದೆ. ಉಳ್ಳಾಗಡ್ಡಿ ಮೊದಲು ಕಿತ್ತು ಮನೆ ಸೇರುತ್ತದೆ, ಮೆಣಸಿನಕಾಯಿ ಆಮೇಲೆ ಕೆಂಪಾಗುತ್ತದೆ, ಹತ್ತಿ ಎಲ್ಲಕ್ಕಿಂತ ಕೊನೆಗೆ ಒಡೆಯುತ್ತದೆ. ಒಂದರ ಸರದಿ ಮುಗಿದಾಗ ಇನ್ನೊಂದರದು. ಡ್ರೂಯಿಡ್‌ನ ರೂಪಗಳೂ ಹಾಗೆ ಸರದಿಯಲ್ಲಿ ಬಂದಾಗಲೇ ಚೆಂದ.

ಇಬ್ಬರನ್ನು ಒಬ್ಬನಲ್ಲಿ ಕೂಡಿಸಿ ಬಲ ಹೊಂದಿಸುವ ಈ ತಾಪತ್ರಯವನ್ನು ಪಂಪ 10ನೇ ಶತಮಾನದಲ್ಲೇ ಹೊತ್ತುಕೊಂಡಿದ್ದ ಎಂದು ನಾನು ಅಳಿಯನಿಗೆ ಹೇಳಿದೆ. ವಿಕ್ರಮಾರ್ಜುನ ವಿಜಯದಲ್ಲಿ ತನ್ನ ದೊರೆ ಅರಿಕೇಸರಿಯನ್ನೂ ಭಾರತದ ಅರ್ಜುನನನ್ನೂ ಒಂದೇ ಪಾತ್ರ ಮಾಡಿದವನು ಅವನು. ಅಂಥ ಪಾತ್ರಕ್ಕೆ ಬಲ ಮಿತಿಮೀರುವುದು ಖಂಡಿತ. ದ್ರೌಪದಿಯೂ ಅವನೊಬ್ಬನ ಹೆಂಡತಿಯಾದಳು. ಆದರೆ ಪಂಪ ದೊರೆಯ ಬಲ ಇಳಿಸಲಿಲ್ಲ. ಎದುರಿನವರನ್ನು ಎತ್ತಿದ. ಕರ್ಣನಿಗೆ ಎಂಥ ನನ್ನಿ, ಎಂಥ ತ್ಯಾಗ ಕೊಟ್ಟನೆಂದರೆ ಓದಿದವರ ಮನಸ್ಸು ಇವತ್ತಿಗೂ ಆ ಕಡೆಗೇ ವಾಲುತ್ತದೆ. ದುರ್ಯೋಧನನಿಗೆ ಮಣಿಯದ ಛಲ ಕೊಟ್ಟ. ಗದೆಯ ಕೆಲಸವನ್ನಂತೂ ಅರ್ಜುನನ ಕೈಗೆ ದಾಟಿಸಲೇ ಇಲ್ಲ: ದುಶ್ಶಾಸನನನ್ನು ಕೊಂದು ದ್ರೌಪದಿಯ ಮುಡಿ ಕಟ್ಟುವವನು ಭೀಮ, ದುರ್ಯೋಧನನ ತೊಡೆ ಮುರಿಯುವವನೂ ಅವನೇ. ಆಟ ಕಟ್ಟುವವರು ಒಮ್ಮೆಯಾದರೂ ಈ ಕಾವ್ಯ ಓದಬೇಕು ಎಂಬುದು ನನ್ನ ಆಸೆ.

ಅಳಿಯ ಫೋನು ಕೆಳಗಿಟ್ಟು ಪೂರಾ ಕೇಳಿದ. "ಕರ್ಣಂದು, ಭೀಮಂದು ಬರೋಬ್ಬರಿ ಆತು ಮಾಮಾ. ನಕುಲ ಸಹದೇವರಿಗೆ ಏನ್ ಕೊಟ್ಟಾನ?"

ಆ ಇಬ್ಬರಿಗಾಗಿ ಈಗ ಪಂಪಭಾರತವನ್ನು ಮೊದಲಿನಿಂದ ಓದುತ್ತಿದ್ದೇನೆ.